ಗಡಿ ದಾಟುವ ಹೊಯಿಗೆ

ಆಸ್ಟ್ರೇಲಿಯಾದ ಪೂರ್ವ ಕರಾವಳಿಯಲ್ಲಿ ಪಾಯಿಂಟ್ ಡೇಂಜರ್ ಎಂಬ ಭೂಶಿರವಿದೆ. ನ್ಯೂ ಸೌತ್ ವೇಲ್ಸ್ ರಾಜ್ಯ ಮುಗಿದು ಕ್ವೀನ್ಸ್‌ಲ್ಯಾಂಡ್ ಶುರುವಾಗುವ ಜಾಗ ಅದು. 1859ರಲ್ಲಿ ಕ್ವೀನ್ಸ್‌ಲ್ಯಾಂಡ್ ಪ್ರತ್ಯೇಕ ವಸಾಹತಾದಾಗ ಎಳೆದ ಗೆರೆ ಇಲ್ಲಿ ಕಡಲಿಗೆ ಇಳಿಯುತ್ತದೆ. ಗೆರೆಯ ಮೇಲೆಯೇ ಒಂದು ದೀಪಸ್ತಂಭ ನಿಂತಿದೆ. ಬರುವ ಪ್ರವಾಸಿಗರೆಲ್ಲ ಒಂದು ಕಾಲು ಆ ರಾಜ್ಯದಲ್ಲಿ, ಇನ್ನೊಂದು ಕಾಲು ಈ ರಾಜ್ಯದಲ್ಲಿ ಇಟ್ಟು ಫೋಟೊ ತೆಗೆಸಿಕೊಳ್ಳುತ್ತಾರೆ. ಬೇಸಿಗೆಯಲ್ಲಿ ದಕ್ಷಿಣದವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ, ಉತ್ತರದವರು ತಿರುಗಿಸುವುದಿಲ್ಲ. ಹಾಗಾಗಿ ಆ ತಿಂಗಳುಗಳಲ್ಲಿ ಎರಡು ಕಾಲುಗಳ ನಡುವೆ ಒಂದು ಗಂಟೆಯ ಅಂತರವೂ ಇರುತ್ತದೆ.

ನಾನೂ ಹಾಗೆ ನಿಂತು ಫೋಟೊ ತೆಗೆಸಿಕೊಂಡೆ. ಆಮೇಲೆ ದಕ್ಷಿಣಕ್ಕೆ ತಿರುಗಿ ನೋಡಿದಾಗ ಕಂಡದ್ದು ಟ್ವೀಡ್ ನದಿಯ ಅಳಿವೆ, ಅದರ ಎರಡೂ ಬದಿಯಲ್ಲಿ ಕಡಲೊಳಗೆ ಚಾಚಿಕೊಂಡ ಬಂಡೆಗೋಡೆಗಳು. ಅವುಗಳಾಚೆ, ಮರಳ ತೀರದಿಂದ ಹೊರಟು ಅಲೆಗಳ ನಡುವೆ ಮುಗಿದುಹೋಗುವ ಉದ್ದನೆಯ ಒಂದು ಜೆಟ್ಟಿ. ಅದಕ್ಕೆ ಯಾವ ದೋಣಿಯನ್ನೂ ಕಟ್ಟುವುದಿಲ್ಲ. ಅದರ ಬುಡದಲ್ಲಿರುವುದು ಪಂಪುಗಳು. ಆ ರಾಜ್ಯದ ಮರಳನ್ನು ಹೀರಿ, ನದಿಯ ಅಡಿಯಲ್ಲಿ ಕೊಳವೆಯ ಮೂಲಕ ದಾಟಿಸಿ, ಈ ರಾಜ್ಯದ ತೀರಕ್ಕೆ ತಂದು ಸುರಿಯುವುದು ಅವುಗಳ ಕೆಲಸ.

ಉಳ್ಳಾಲದ ಕಡಲ ಬದಿಯಲ್ಲಿ ಬೆಳೆದ ನನಗೆ ಅಳಿವೆಯ ಬಂಡೆಗೋಡೆ ಹೊಸದಲ್ಲ, ಕಡಲ್ಕೊರೆತವೂ ಹೊಸದಲ್ಲ. ಹೊಸದಾಗಿ ಕಂಡದ್ದು ಆ ಜೆಟ್ಟಿ. ಗೋಡೆ ಕಟ್ಟಿದವರು ಅದರ ಋಣ ತೀರಿಸಬೇಕು ಎಂದು ಎರಡು ಸರ್ಕಾರಗಳು ಕಾಗದದ ಮೇಲೆ ಒಪ್ಪಿಕೊಂಡದ್ದರ ಗುರುತು ಅದು. ಆ ಒಪ್ಪಿಗೆ ಹೇಗೆ ಬಂತು, ಬರಲು ಯಾಕೆ ಮೂವತ್ತು ವರ್ಷ ಹಿಡಿಯಿತು ಎಂದು ತಿಳಿಯಬೇಕೆನಿಸಿತು. ಈ ಬರಹ ಅದರ ಫಲ.

*

ಮೊದಲು ಮರಳಿನ ಮಾತು. ನಮ್ಮ ಕರಾವಳಿಯಲ್ಲಿ ಅದನ್ನು ಹೊಯಿಗೆ ಎನ್ನುತ್ತೇವೆ. ದಡದಲ್ಲಿ ಕೂತವರಿಗೆ ಹೊಯಿಗೆ ಇದ್ದಲ್ಲೇ ಇರುವಂತೆ ಕಾಣುತ್ತದೆ. ನಿಜದಲ್ಲಿ ಅದು ಸದಾ ಪ್ರಯಾಣದಲ್ಲಿರುತ್ತದೆ. ಅಲ್ಲಿನ ತೀರಕ್ಕೆ ಅಲೆಗಳು ಹೆಚ್ಚಾಗಿ ಆಗ್ನೇಯದಿಂದ ಓರೆಯಾಗಿ ಬರುತ್ತವೆ. ಅಲೆ ದಡವನ್ನು ಏರುವಾಗ ಮರಳಿನ ಕಣವನ್ನು ಓರೆಯಾಗಿ ಮೇಲಕ್ಕೆ ಒಯ್ಯುತ್ತದೆ, ಇಳಿಯುವಾಗ ನೇರ ಕೆಳಕ್ಕೆ ಎಳೆಯುತ್ತದೆ. ಮತ್ತೊಂದು ಅಲೆ, ಮತ್ತೆ ಅದೇ ಓಟ. ಹೀಗೆ ಗರಗಸದ ಹಲ್ಲಿನಂತೆ ಮೇಲೆ ಕೆಳಗೆ ಆಡುತ್ತಾ ಕಣ ಉತ್ತರಕ್ಕೆ ಸರಿಯುತ್ತದೆ. ಅಲೆಗಳು ಒಡೆಯುವ ಪಟ್ಟಿಯಲ್ಲಿ ತೀರದುದ್ದಕ್ಕೆ ಹರಿಯುವ ಪ್ರವಾಹ ಇನ್ನಷ್ಟು ಮರಳನ್ನು ಹೊತ್ತೊಯ್ಯುತ್ತದೆ.

ಟ್ವೀಡ್ ಅಳಿವೆಯ ಬಳಿ ಹೀಗೆ ವರ್ಷಕ್ಕೆ ಸರಾಸರಿ 5 ಲಕ್ಷ ಘನ ಮೀಟರ್ ಮರಳು ಉತ್ತರಕ್ಕೆ ಹೋಗುತ್ತದೆ ಎಂಬುದು ಎಂಜಿನಿಯರುಗಳ ಲೆಕ್ಕ. ಒಂದು ದೊಡ್ಡ ಲಾರಿಗೆ 10 ಘನ ಮೀಟರ್ ಎಂದುಕೊಂಡರೆ ಅದು 50 ಸಾವಿರ ಲಾರಿ ಲೋಡು. ಈ ಮೆರವಣಿಗೆ ನೂರಾರು ಕಿಲೋಮೀಟರ್ ಸಾಗಿ ಕೊನೆಗೆ ಸೇರುವುದು ಜಗತ್ತಿನ ಅತಿ ದೊಡ್ಡ ಮರಳ ದ್ವೀಪಕ್ಕೆ. ಬಹುಕಾಲ ಫ್ರೇಸರ್ ದ್ವೀಪ ಎಂದು ಕರೆಯುತ್ತಿದ್ದ ಅದಕ್ಕೆ 2023ರಲ್ಲಿ ಅಲ್ಲಿನ ಮೂಲನಿವಾಸಿ ಬುಚುಲ್ಲಾ ಜನರ ಹೆಸರಾದ ಕ'ಗಾರಿ ಎಂಬುದನ್ನೇ ಮರಳಿ ಕೊಟ್ಟರು. ಎಂದರೆ ನಾವು ಬೀಚು ಎಂದು ಕರೆಯುವುದು ಮರಳಿನ ನದಿಯ ಒಂದು ತುಂಡು. ಅದಕ್ಕೂ ಮೇಲ್ದಂಡೆ ಇದೆ, ಕೆಳದಂಡೆ ಇದೆ.

*

ಆ ನದಿಯ ಕೆಳದಂಡೆಯ ಮೇಲೆ ಒಂದು ರೆಸಾರ್ಟ್ ನಗರ ಎದ್ದಿತು. ಇಂದು ಗೋಲ್ಡ್ ಕೋಸ್ಟ್ ಎನ್ನುವ ಊರುಗಳ ಸಾಲು ಅದು. ಅದರ ನಡುವಿನ ಎಲ್‌ಸ್ಟನ್ ಎಂಬ ಸಣ್ಣ ಹಳ್ಳಿ 1933ರಲ್ಲಿ ತನ್ನ ಹೆಸರನ್ನು ಸರ್ಫರ್ಸ್ ಪ್ಯಾರಡೈಸ್ ಎಂದು ಬದಲಿಸಿಕೊಂಡಿತು. ಅಲ್ಲಿದ್ದ ಹೋಟೆಲಿನ ಹೆಸರೇ ಊರಿಗಾಯಿತು. ಎರಡನೇ ಮಹಾಯುದ್ಧದ ನಂತರ ಕಾರು, ರಜೆ, ಕೈಯಲ್ಲಿ ಸ್ವಲ್ಪ ಹಣ ಎಲ್ಲ ಒಟ್ಟಿಗೆ ಬಂದವು. ಸೈಟುಗಳು ಮಾರಾಟವಾದವು. 1959ರಲ್ಲಿ ಗೋಲ್ಡ್ ಕೋಸ್ಟ್ ನಗರವೆಂದು ಘೋಷಣೆಯಾಯಿತು.

ಮನೆ, ಮೋಟೆಲು, ರಸ್ತೆ ಕಟ್ಟಿದ್ದು ಎಲ್ಲಿ? ಕಡಲು ಚೆನ್ನಾಗಿ ಕಾಣುವಲ್ಲಿ, ಅಂದರೆ ತೀರದ ಮೊದಲ ಮರಳುದಿಬ್ಬದ ಮೇಲೆ. ಆ ದಿಬ್ಬ ಕಡಲಿನ ಕಣಜ. ಚಂಡಮಾರುತ ಬಂದಾಗ ಕಡಲು ಅದರಿಂದ ಮರಳು ತೆಗೆದುಕೊಂಡು ನೀರಿನಡಿ ಒಡ್ಡಾಗಿ ಹರಡುತ್ತದೆ. ಅಲೆಗಳು ಆ ಒಡ್ಡಿನ ಮೇಲೆ ಒಡೆದು ಬಲ ಕಳೆದುಕೊಳ್ಳುತ್ತವೆ. ಗಾಳಿ ಶಾಂತವಾದ ತಿಂಗಳುಗಳಲ್ಲಿ ಅದೇ ಮರಳು ನಿಧಾನಕ್ಕೆ ದಡಕ್ಕೆ ವಾಪಸಾಗುತ್ತದೆ. ಈ ಕೊಡುಕೊಳ್ಳುವಿಕೆಗೆ ಜಾಗ ಬೇಕು. ಕಣಜದ ಮೇಲೆಯೇ ಮನೆ ಕಟ್ಟಿದರೆ ಕಡಲು ತನ್ನ ಕಾಳನ್ನು ತೆಗೆದುಕೊಳ್ಳಲು ಬಂದಾಗ ಅದಕ್ಕೆ ನಾವು ಕೊರೆತ ಎಂದು ಹೆಸರಿಡುತ್ತೇವೆ. ಇದರ ಜೊತೆಗೆ, ರೂಟೈಲ್ ಮತ್ತು ಜಿರ್ಕಾನ್ ಎಂಬ ಬೆಲೆಬಾಳುವ ಖನಿಜಗಳಿಗಾಗಿ ಆ ಕರಾವಳಿಯ ತೀರಗಳನ್ನೂ ದಿಬ್ಬಗಳನ್ನೂ ಗಣಿಗಾರರು ಅಗೆದು ಜಾಲಿಸಿದ್ದರು.

ಇದೆಲ್ಲ ನಡೆಯುತ್ತಿದ್ದಾಗಲೇ ಗಡಿಯಾಚೆ ಇನ್ನೊಂದು ಕೆಲಸ ಶುರುವಾಯಿತು. ಟ್ವೀಡ್ ಅಳಿವೆಯ ಬಾಯಲ್ಲಿ ಮರಳ ದಿಬ್ಬವೊಂದು ಸದಾ ಅಡ್ಡಬರುತ್ತಿತ್ತು. ಅಲ್ಲಿ ಅಲೆಗಳು ಹುಚ್ಚೆದ್ದು ಒಡೆಯುತ್ತವೆ, ಮೀನುಗಾರಿಕೆ ದೋಣಿಗಳು ಮಗುಚುತ್ತವೆ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲೇ ಅಲ್ಲಿ ಗೋಡೆಗಳನ್ನು ಕಟ್ಟಿದ್ದರು. ನ್ಯೂ ಸೌತ್ ವೇಲ್ಸ್ ಸರ್ಕಾರ 1962ರಿಂದ 1965ರ ನಡುವೆ ಅವುಗಳನ್ನು ಇನ್ನೂ ಸುಮಾರು 380 ಮೀಟರ್ ಕಡಲೊಳಗೆ ಬೆಳೆಸಿತು. ಅದರಲ್ಲಿ ಕೆಟ್ಟ ಉದ್ದೇಶವೇನೂ ಇರಲಿಲ್ಲ. ಅಳಿವೆ ದಾಟುವಾಗ ಜೀವ ಕೈಯಲ್ಲಿ ಹಿಡಿದುಕೊಳ್ಳುವ ಬೆಸ್ತರು ಯಾವ ಊರಿನಲ್ಲಾದರೂ ಕೇಳುವುದು ಇದನ್ನೇ. ಗೋಡೆ ಬೆಳೆಯಿತು, ಬಾಯಿ ಆಳವಾಯಿತು, ದೋಣಿಗಳು ನೆಮ್ಮದಿಯಿಂದ ಓಡಾಡಿದವು.

ಆದರೆ ದಕ್ಷಿಣದಿಂದ ಬರುತ್ತಿದ್ದ ಮರಳು ಗೋಡೆಗೆ ಬಂದು ನಿಂತಿತು. ಗೋಡೆಯ ದಕ್ಷಿಣಕ್ಕಿರುವ ಲೆಟಿಷಿಯಾ ಸ್ಪಿಟ್ ಎಂಬ ಮರಳ ನಾಲಗೆ ವರ್ಷವರ್ಷ ಅಗಲವಾಗುತ್ತಾ ಬಂತು. ಉತ್ತರದ ಕೂಲಂಗಟ್ಟ, ಕಿರಾ ಬೀಚುಗಳ ಮರಳನ್ನು ಅಲೆಗಳು ಎಂದಿನಂತೆ ಮುಂದಕ್ಕೆ ಒಯ್ಯುತ್ತಲೇ ಇದ್ದವು. ಆ ಜಾಗ ತುಂಬಲು ಹಿಂದಿನಿಂದ ಬರಬೇಕಾದದ್ದು ಬರಲಿಲ್ಲ. ಕೆರೆಯ ತೂಬು ತೆರೆದೇ ಇದೆ, ಒಳಹರಿವು ಮಾತ್ರ ಕಟ್ಟಾಗಿದೆ ಎಂಬಂಥ ಸ್ಥಿತಿ.

*

1967ರ ಜನವರಿ ಕೊನೆಯಲ್ಲಿ ಡೈನಾ ಎಂಬ ಚಂಡಮಾರುತ ಬಂತು. ಅದರ ಹಿಂದೆಯೇ ಇನ್ನೊಂದು, ಮತ್ತೊಂದು. ಆ ವರ್ಷದ ಮೊದಲ ಆರು ತಿಂಗಳಲ್ಲಿ ಬಿರುಗಾಳಿಗಳು ಬೆನ್ನುಬೆನ್ನಿಗೆ ಬಂದವು. ಒಂದರ ಗಾಯ ಮಾಯುವ ಮೊದಲೇ ಇನ್ನೊಂದು ಅಪ್ಪಳಿಸಿತು. ಬೀಚುಗಳು ಕರಗಿ ರಸ್ತೆಯ ಅಂಚು ಕುಸಿಯಿತು. ಮನೆಗಳ ಮುಂದೆ ಜನ ಮರಳಿನ ಚೀಲ ಪೇರಿಸಿದರು, ಲಾರಿಗಳಲ್ಲಿ ಬಂಡೆ ತಂದು ಸುರಿದರು. ಮರಳನ್ನೇ ಮಾರಿ ಬದುಕುತ್ತಿದ್ದ ಊರಿನಲ್ಲಿ ಮರಳೇ ಇಲ್ಲದಾಯಿತು.

ಇಲ್ಲಿ ಒಂದು ಮಾತನ್ನು ಸರಿಯಾಗಿ ಹೇಳಬೇಕು. 1967ರ ಹಾನಿಗೆಲ್ಲ ಟ್ವೀಡ್ ಗೋಡೆಯೇ ಕಾರಣವಲ್ಲ. ಗೋಡೆಯಿಂದ ಬಹಳ ಉತ್ತರಕ್ಕಿರುವ ಸರ್ಫರ್ಸ್ ಪ್ಯಾರಡೈಸನ್ನು ಕೊರೆದದ್ದು ಬಿರುಗಾಳಿ, ಮತ್ತು ಮರಳುದಿಬ್ಬದ ಮೇಲೆ ಊರು ಕಟ್ಟಿದ ತಪ್ಪು. ಗೋಡೆಯ ನೆರಳು ಬಿದ್ದದ್ದು ಗಡಿಗೆ ಅಂಟಿದ ದಕ್ಷಿಣದ ಬೀಚುಗಳ ಮೇಲೆ. ಬಿರುಗಾಳಿ ನಿಂತ ಮೇಲೆ ಬೇರೆ ಬೀಚುಗಳು ವರ್ಷಗಳಲ್ಲಿ ಚೇತರಿಸಿಕೊಂಡವು. ಕೂಲಂಗಟ್ಟ ಮತ್ತು ಕಿರಾ ಚೇತರಿಸಿಕೊಳ್ಳಲಿಲ್ಲ. ಎರಡು ಕಾಯಿಲೆಗಳು ಒಂದೇ ಸಲ ಬಂದಾಗ ಒಂದರ ಹೆಸರಲ್ಲಿ ಇನ್ನೊಂದು ಅಡಗಿಕೊಳ್ಳುತ್ತದೆ. ಗೋಡೆ ಕಟ್ಟಿದವರಿಗೆ ಬಿರುಗಾಳಿ ಒಳ್ಳೆಯ ನೆಪ, ದಿಬ್ಬದ ಮೇಲೆ ಕಟ್ಟಿದವರಿಗೆ ಗೋಡೆ ಒಳ್ಳೆಯ ನೆಪ.

ಕ್ವೀನ್ಸ್‌ಲ್ಯಾಂಡ್ 1968ರಲ್ಲಿ ಬೀಚ್ ಸಂರಕ್ಷಣೆಗೆಂದೇ ಒಂದು ಕಾಯ್ದೆ ಮಾಡಿತು. ಕಡಲಿನೊಡನೆ ಶತಮಾನಗಳಿಂದ ಗುದ್ದಾಡಿದ ನೆದರ್ಲೆಂಡ್ಸ್ ದೇಶದ ಡೆಲ್ಫ್ಟ್ ಪ್ರಯೋಗಾಲಯದ ತಜ್ಞರಿಂದ ಅಧ್ಯಯನ ಮಾಡಿಸಿತು. ಅವರ ವರದಿ 1970ರಲ್ಲಿ ಬಂತು. ಬರೀ ಬಂಡೆಗೋಡೆಯಿಂದ ಬೀಚು ಉಳಿಯುವುದಿಲ್ಲ, ಕಳೆದುಹೋದ ಮರಳನ್ನು ಮರಳಾಗಿಯೇ ಹಿಂದಿರುಗಿಸಬೇಕು ಎಂಬುದು ಅದರ ಸಾರ. ಬಂಡೆಗೋಡೆಯನ್ನು ಕೊನೆಯ ರಕ್ಷಣೆಯಾಗಿ ಇಟ್ಟುಕೊಂಡು, ಅದರ ಮೇಲೆ ಮುಂದೆ ಮರಳು ಹೊದಿಸಬೇಕು. ಇಂದಿಗೂ ಗೋಲ್ಡ್ ಕೋಸ್ಟಿನ ಮರಳುದಿಬ್ಬಗಳ ಅಡಿಯಲ್ಲಿ ಆ ಬಂಡೆಸಾಲು ಹೂತುಕೊಂಡಿದೆ.

ಆದರೆ ಕೊರತೆ ಬಿದ್ದವರು ತಜ್ಞರ ಮಾತಿಗೆ ಕಾಯುವುದಿಲ್ಲ. 1972ರಲ್ಲಿ ಕಿರಾ ಭೂಶಿರದಿಂದ ಕಡಲಿಗೆ ಒಂದು ಉದ್ದನೆಯ ಕಲ್ಲಿನ ಅಡ್ಡಗೋಡೆ ಕಟ್ಟಿದರು. ಕೂಲಂಗಟ್ಟದ ಮುಂದೆ ಇದ್ದಷ್ಟು ಮರಳಾದರೂ ನಿಲ್ಲಲಿ ಎಂಬುದು ಲೆಕ್ಕ. ಅದು ನಿಂತಿತು. ಆದರೆ ಅಡ್ಡಗೋಡೆಯ ಉತ್ತರದ ಕಿರಾ ಬೀಚು ಇನ್ನಷ್ಟು ಸೊರಗಿತು. ಅದಕ್ಕೆ 1974ರಲ್ಲಿ ಇನ್ನೊಂದು ಸಣ್ಣ ಅಡ್ಡಗೋಡೆ. ತನ್ನ ಪಾಲನ್ನು ಮೇಲಿನವರು ತಡೆದರು ಎಂದು ದೂರುತ್ತಿದ್ದ ಊರು ತನ್ನ ಕೆಳಗಿನವರ ಪಾಲನ್ನು ತಾನೇ ತಡೆದಿತ್ತು. ಈ ಕತೆಯನ್ನು ಓದುವಾಗ ನನ್ನನ್ನು ಹೆಚ್ಚು ಕಾಡಿದ್ದು ಇದು. ಅನ್ಯಾಯಕ್ಕೆ ಒಳಗಾದವರೂ ಕೈಗೆ ಕಲ್ಲು ಸಿಕ್ಕರೆ ಕಟ್ಟುವುದು ಅದೇ ಗೋಡೆಯನ್ನೇ.

ಅದೇ 1974ರ ಸುಮಾರಿಗೆ, ಬಿರುಗಾಳಿಗಳು ಮತ್ತೆ ತೀರವನ್ನು ತೊಳೆದಾಗ, ಕಿರಾ ಬಳಿ ಹಳೆಯ ಹಡಗಿನ ಮರದ ತೊಲೆಗಳು ಮೇಲೆ ಬಂದವು. ಅದು 1846ರಲ್ಲಿ ಅಲ್ಲಿ ದಡಕ್ಕೆ ಬಡಿದು ಒಡೆದ ಕೂಲಂಗಟ್ಟ ಎಂಬ ಹಾಯಿಹಡಗು. ಊರಿಗೆ ಹೆಸರು ಬಂದದ್ದು ಅದರಿಂದಲೇ. ಮರಳು ಹೋದಾಗ ಊರಿನ ಹೆಸರಿನ ಮೂಲವೇ ಬೆತ್ತಲಾಗಿ ಹೊರಬಿತ್ತು.

*

ಕಾವೇರಿ ನೀರಿಗೆ ಮೈಸೂರು ಮತ್ತು ಮದ್ರಾಸು 1924ರಲ್ಲಿ ಒಪ್ಪಂದ ಮಾಡಿಕೊಂಡವು, 1990ರಲ್ಲಿ ನ್ಯಾಯಮಂಡಳಿಯೂ ಬಂತು. ನೀರಿಗೆ ಪಾಲು ಉಂಟು ಎಂಬುದರಲ್ಲಿ ಯಾರಿಗೂ ಅನುಮಾನವಿಲ್ಲ, ಜಗಳ ಎಷ್ಟು ಎಂಬುದರ ಮೇಲೆ. ಮರಳಿನ ವಿಷಯದಲ್ಲಿ ಪಾಲು ಉಂಟು ಎಂಬುದನ್ನೇ ಮೊದಲು ಒಪ್ಪಿಸಬೇಕಾಗಿತ್ತು. ಕಡಲು ತಾನಾಗಿ ಒಯ್ಯುವ ವಸ್ತುವಿಗೆ ಯಾರು ಹೊಣೆ? ನಮ್ಮ ಅಳಿವೆ, ನಮ್ಮ ಗೋಡೆ, ನಿಮ್ಮ ಬೀಚಿಗೆ ನಾವು ಹೊಣೆಯೇ?

1970ರ ಮತ್ತು 80ರ ದಶಕಗಳುದ್ದಕ್ಕೂ ಕ್ವೀನ್ಸ್‌ಲ್ಯಾಂಡ್ ಕಡೆಯವರು ಡ್ರೆಜ್ಜರುಗಳಿಂದ ಮರಳು ಎತ್ತಿ ತಮ್ಮ ಬೀಚುಗಳಿಗೆ ಸುರಿಯುತ್ತಾ ಬಂದರು. ಕಡಲು ಅದನ್ನೂ ಉತ್ತರಕ್ಕೆ ಒಯ್ಯಿತು. ಈ ನಡುವೆ 1986ರಲ್ಲಿ ಗೋಲ್ಡ್ ಕೋಸ್ಟಿನ ಉತ್ತರ ತುದಿಯಲ್ಲಿ, ತಮ್ಮದೇ ನೆರಾಂಗ್ ಅಳಿವೆಗೆ ಗೋಡೆ ಕಟ್ಟುವಾಗ, ಅವರು ಮೊದಲೇ ಪಂಪುಗಳ ಜೆಟ್ಟಿಯನ್ನೂ ಕಟ್ಟಿಕೊಂಡರು. ಗೋಡೆ ತಡೆದ ಮರಳನ್ನು ದಿನದಿನವೂ ಆಚೆ ದಾಟಿಸುವ ವ್ಯವಸ್ಥೆ. ಹತ್ತು ವರ್ಷದ ಜಗಳ ಬೇಕಾಗಲಿಲ್ಲ, ಯಾಕೆಂದರೆ ಅಲ್ಲಿ ಎರಡೂ ದಡ ಒಂದೇ ರಾಜ್ಯದ್ದಾಗಿತ್ತು. ಎಂದರೆ ತಂತ್ರಜ್ಞಾನ ಇರಲಿಲ್ಲ ಎಂದು ಟ್ವೀಡ್ ವಿಷಯದಲ್ಲಿ ಯಾರೂ ಹೇಳುವಂತಿರಲಿಲ್ಲ.

ಹಾಗಾದರೆ ನ್ಯೂ ಸೌತ್ ವೇಲ್ಸ್ ಕೊನೆಗೆ ಯಾಕೆ ಒಪ್ಪಿತು? ಕೆಳಗಿನವರ ಕಣ್ಣೀರು ಕಂಡೇ ಒಪ್ಪಿತು ಎನ್ನಲಾರೆ. ಲೆಟಿಷಿಯಾ ಸ್ಪಿಟ್ ತುಂಬಿತ್ತು. ಗೋಡೆಯ ಹಿಂದೆ ಜಾಗ ಮುಗಿದ ಮೇಲೆ ಮರಳು ಗೋಡೆಯ ತುದಿಯನ್ನು ಸುತ್ತಿಕೊಂಡು ಅಳಿವೆಯ ಬಾಯಿಗೇ ಬಂದು ಕೂತಿತು. 1980ರ ದಶಕದ ಹೊತ್ತಿಗೆ ಹಳೆಯ ಅಪಾಯ ಹಾಗೇ ವಾಪಸಾಗಿತ್ತು. ಗೋಡೆ ಯಾವ ಕೆಲಸಕ್ಕೆ ಕಟ್ಟಿದ್ದೋ ಆ ಕೆಲಸವನ್ನೇ ಮಾಡದಾಯಿತು. ಈಗ ಮೇಲಿನವರಿಗೂ ಮರಳು ಹೊರೆ, ಕೆಳಗಿನವರಿಗೆ ಅದೇ ಬೇಕು. ಮಾತು ಹೊಂದಿದ್ದು ಆಗ. 1994ರ ಮಾರ್ಚ್‌ನಲ್ಲಿ ಎರಡು ರಾಜ್ಯಗಳೂ ಕರಡು ಒಪ್ಪಂದಕ್ಕೆ ಬಂದವು. 1995ರಲ್ಲಿ ನ್ಯೂ ಸೌತ್ ವೇಲ್ಸ್, 1998ರಲ್ಲಿ ಕ್ವೀನ್ಸ್‌ಲ್ಯಾಂಡ್ ಅದಕ್ಕೆ ತಮ್ಮ ತಮ್ಮ ಶಾಸನಸಭೆಗಳಲ್ಲಿ ಕಾಯ್ದೆಯ ಬಲ ಕೊಟ್ಟವು.

ಒಪ್ಪಂದದ ಗುರಿ ಎರಡೇ. ಟ್ವೀಡ್ ಅಳಿವೆ ದೋಣಿಗಳಿಗೆ ತೆರೆದಿರಬೇಕು, ದಕ್ಷಿಣ ಗೋಲ್ಡ್ ಕೋಸ್ಟಿನ ಬೀಚುಗಳಿಗೆ ಅವುಗಳ ಮರಳು ಸಿಗಬೇಕು. ಮೊದಲು ಡ್ರೆಜ್ಜರುಗಳಿಂದ ಸುಮಾರು 30 ಲಕ್ಷ ಘನ ಮೀಟರ್ ಮರಳನ್ನು ಅಳಿವೆಯಿಂದ ತೆಗೆದು ಬೀಚುಗಳ ಮುಂದೆ ಹಾಕಿದರು. 2001ರಲ್ಲಿ ನಾನು ಕಂಡ ಆ 450 ಮೀಟರ್ ಉದ್ದದ ಜೆಟ್ಟಿ ಕೆಲಸಕ್ಕೆ ಇಳಿಯಿತು. ಅದರ ಕೆಳಗೆ ಮರಳಿನಲ್ಲಿ ಹೂತ ಪಂಪುಗಳು ಗುಂಡಿ ತೋಡುತ್ತವೆ, ತೀರದುದ್ದಕ್ಕೆ ಬರುವ ಮರಳು ಆ ಗುಂಡಿಗೆ ಬೀಳುತ್ತದೆ, ನೀರಿನೊಡನೆ ಕಲಸಿ ಕೊಳವೆಯಲ್ಲಿ ಸ್ನ್ಯಾಪರ್ ರಾಕ್ಸ್ ಎಂಬಲ್ಲಿಗೆ ಹೋಗುತ್ತದೆ. ಪ್ರಕೃತಿ ಸರಾಸರಿ ಎಷ್ಟು ಒಯ್ಯುತ್ತಿತ್ತೋ ಅಷ್ಟನ್ನು ದಾಟಿಸುತ್ತಿರಬೇಕೆಂಬುದು ನಿಯಮ. ಅಲೆ ಪುಕ್ಕಟೆಯಾಗಿ ಮಾಡುತ್ತಿದ್ದ ಕೆಲಸಕ್ಕೆ ಈಗ ಎರಡು ಸರ್ಕಾರಗಳು ಹಣ ಹಾಕಿ ವಿದ್ಯುತ್ ಉರಿಸುತ್ತವೆ. ಗೋಡೆ ಇರುವವರೆಗೂ ಈ ಖರ್ಚಿಗೆ ಕೊನೆಯಿಲ್ಲ.

*

ಇಲ್ಲಿಗೆ ಕತೆ ಸುಖಾಂತವಾಗಬೇಕಿತ್ತು. ಆಗಲಿಲ್ಲ. ಮೂವತ್ತು ವರ್ಷದ ಬಾಕಿಯನ್ನು ಕೆಲವೇ ವರ್ಷಗಳಲ್ಲಿ ತೀರಿಸಹೊರಟಾಗ ಮರಳು ವಿಪರೀತವಾಯಿತು. ಸ್ನ್ಯಾಪರ್ ರಾಕ್ಸ್‌ನಿಂದ ಕಿರಾವರೆಗೆ ಉದ್ದನೆಯ ಮರಳ ಒಡ್ಡು ಬೆಳೆದು, ಅದರ ಮೇಲೆ ಜಗತ್ತಿನ ಸರ್ಫರುಗಳೆಲ್ಲ ಹುಡುಕಿಕೊಂಡು ಬರುವ ಸೂಪರ್‌ಬ್ಯಾಂಕ್ ಎಂಬ ಅಲೆ ಹುಟ್ಟಿತು. ಅದೇ ಮರಳು ಕಿರಾದ ಹೆಸರಾಂತ ಹಳೆಯ ಅಲೆಯನ್ನು ನುಂಗಿತು. ಕಿರಾದ ಕಡಲೊಳಗಿನ ಬಂಡೆಸಾಲು, ಅದರ ಮೀನು ಹವಳಗಳೊಡನೆ ಮರಳಿನಡಿ ಹೂತುಹೋಯಿತು. ಬೀಚು ಎಷ್ಟು ಅಗಲವಾಯಿತೆಂದರೆ, ಒಂದು ಕಾಲಕ್ಕೆ ಬೀಚೇ ಇಲ್ಲವೆಂದು ಗೋಳಾಡಿದ ಊರಿನಲ್ಲಿ, ನೀರು ಮುಟ್ಟಲು ಇಷ್ಟು ದೂರ ನಡೆಯಬೇಕೇ ಎಂಬ ದೂರು ಕೇಳಿಬಂತು. 1996ರಲ್ಲಿ ಕಡಿದು ಗಿಡ್ಡಮಾಡಿದ್ದ ಕಿರಾದ ಅಡ್ಡಗೋಡೆಯನ್ನು, ಹಳೆಯ ಅಲೆ ಬರಲೆಂದು, 2013ರಲ್ಲಿ ಮತ್ತೆ ಸುಮಾರು 30 ಮೀಟರ್ ಉದ್ದ ಮಾಡಿದರು.

2025ರ ಮಾರ್ಚ್‌ನಲ್ಲಿ ಆಲ್ಫ್ರೆಡ್ ಚಂಡಮಾರುತ ಬಂದಾಗ ಗೋಲ್ಡ್ ಕೋಸ್ಟಿನ ಬೀಚುಗಳು ಮತ್ತೆ ಕರಗಿದವು. ಆಳೆತ್ತರಕ್ಕೂ ಮೀರಿದ ಮರಳಿನ ಕಡಿದಾದ ಗೋಡೆಗಳ ಕೆಳಗೆ ಜನ ನಿಂತ ಚಿತ್ರಗಳನ್ನು ನಾನು ಇಲ್ಲಿ ಕೂತು ನೋಡಿದೆ. ಡ್ರೆಜ್ಜರು, ಬುಲ್ಡೋಜರುಗಳು ಮತ್ತೆ ಕೆಲಸಕ್ಕೆ ಇಳಿದವು. ಒಪ್ಪಂದವೆಂದರೆ ಜಗಳ ಮುಗಿಯಿತೆಂದಲ್ಲ. ಜಗಳವನ್ನು ಲೆಕ್ಕದ ಪುಸ್ತಕಕ್ಕೆ ತಂದರು ಎಂದಷ್ಟೇ. ಅದೂ ಕಡಿಮೆಯೇನಲ್ಲ.

*

ಈಗ ಉಳ್ಳಾಲದ ಮಾತು. ನೇತ್ರಾವತಿ ಮತ್ತು ಗುರುಪುರ ನದಿಗಳು ಒಟ್ಟಾಗಿ ಕಡಲು ಸೇರುವ ಅಳಿವೆಗೆ, ಮಂಗಳೂರಿನ ಹಳೆ ಬಂದರಿನ ದೋಣಿಗಳಿಗಾಗಿ, 1990ರ ದಶಕದಲ್ಲಿ ಎರಡು ಬಂಡೆಗೋಡೆ ಕಟ್ಟಿದರು. ಅಲ್ಲೂ ಬೇಡಿಕೆ ನ್ಯಾಯವಾದದ್ದೇ. ಆಮೇಲೆ ಉತ್ತರದ ಬೆಂಗ್ರೆ ಕಡೆ ಹೊಯಿಗೆ ಸೇರಿತು, ದಕ್ಷಿಣದ ಉಳ್ಳಾಲದಲ್ಲಿ ಕಡಲು ಮನೆಯಂಗಳಕ್ಕೆ ಬಂತು. ನಮ್ಮ ಕಡಲಿನ ಲೆಕ್ಕ ಟ್ವೀಡಿನಷ್ಟು ಸರಳವಲ್ಲ. ಇಲ್ಲಿ ಅಲೆಗಳ ದಿಕ್ಕು ಮಳೆಗಾಲಕ್ಕೊಂದು, ಬೇಸಿಗೆಗೊಂದು. ನದಿಯಲ್ಲಿ ಅಣೆಕಟ್ಟೂ ಇದೆ, ಮರಳು ತೆಗೆಯುವವರೂ ಇದ್ದಾರೆ. ಆದರೂ ಮೊಗವೀರಪಟ್ಣ, ಕೈಕೋ, ಮುಕ್ಕಚ್ಚೇರಿಯ ಜನ ಆಷಾಢದ ರಾತ್ರಿಗಳಲ್ಲಿ ಎಚ್ಚರ ಕೂತದ್ದು ಸುಳ್ಳಲ್ಲ. ಪ್ರತಿ ಮಳೆಗಾಲ ಲಾರಿಗಳಲ್ಲಿ ಕಲ್ಲು ಬರುತ್ತಿತ್ತು, ಮುಂದಿನ ಮಳೆಗಾಲ ಆ ಕಲ್ಲು ಹೊಯಿಗೆಯಲ್ಲಿ ಇಳಿದುಹೋಗುತ್ತಿತ್ತು. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದ ಯೋಜನೆಯಲ್ಲಿ 2010ರ ದಶಕದಲ್ಲಿ ಕಡಲೊಳಗೆ ರೀಫ್‌ಗಳನ್ನು ಕಟ್ಟಿದರು. ಉಳ್ಳಾಲದಲ್ಲಿ ಸ್ವಲ್ಪ ನೆಮ್ಮದಿ ಬಂತು ಎನ್ನುವಾಗ, ದಕ್ಷಿಣದ ಸೋಮೇಶ್ವರ, ಉಚ್ಚಿಲ, ಬಟ್ಟಪ್ಪಾಡಿಯ ಕಡೆಯಿಂದ ಕೊರೆತದ ಸುದ್ದಿ ಬರತೊಡಗಿತು. ಅದರಾಚೆ ತಲಪಾಡಿ, ತಲಪಾಡಿಯಾಚೆ ಕೇರಳ.

ಕಾವೇರಿಯಲ್ಲಿ ಮೇಲ್ದಂಡೆಯವರಾದ ನಮಗೆ ಕೆಳದಂಡೆಯವರ ದೂರು ಕೇಳಿದರೆ ಸಿಟ್ಟು ಬರುವುದೇ ಹೆಚ್ಚು. ಉಳ್ಳಾಲದಲ್ಲಿ ನಾವೇ ಕೆಳದಂಡೆಯವರು. ವ್ಯತ್ಯಾಸವೇನೆಂದರೆ ಕೂಲಂಗಟ್ಟಕ್ಕೆ ಎದುರಾಳಿಯಾಗಿ ಇನ್ನೊಂದು ರಾಜ್ಯವಿತ್ತು, ಬೆನ್ನಿಗೆ ತನ್ನದೇ ರಾಜ್ಯವಿತ್ತು, ಕೈಯಲ್ಲಿ ಪ್ರವಾಸೋದ್ಯಮದ ಹಣವಿತ್ತು. ಅಷ್ಟಿದ್ದೂ ಮೂವತ್ತು ವರ್ಷ ಹಿಡಿಯಿತು, ಅದೂ ಎದುರಿನವರ ಬಾಗಿಲಿಗೆ ಮರಳು ಬಂದ ಮೇಲೆ. ಉಳ್ಳಾಲದ ಮೀನುಗಾರರಿಗೆ ಗೋಡೆ ಕಟ್ಟಿಕೊಟ್ಟ ಸರ್ಕಾರವೇ ಪರಿಹಾರ ಕೊಡುವ ಸರ್ಕಾರವೂ ಹೌದು. ಅವರು ಯಾರ ಮೇಲೆ ದಾವೆ ಹೂಡಬೇಕು?

ನಮ್ಮಲ್ಲಿ ಮನೆ ಬಿದ್ದಾಗ ಪರಿಹಾರ ಕೊಡುತ್ತಾರೆ. ಪರಿಹಾರ ಬಿದ್ದ ಗೋಡೆಗೆ, ಹಾರಿದ ಹಂಚಿಗೆ, ಉರುಳಿದ ತೆಂಗಿನ ಮರಕ್ಕೆ. ಕಳೆದುಹೋದ ಹೊಯಿಗೆಗೆ ಯಾವ ಅರ್ಜಿಯಲ್ಲೂ ಕಾಲಂ ಇಲ್ಲ. ಪಾಯಿಂಟ್ ಡೇಂಜರ್‌ನಲ್ಲಿ ತೆಗೆಸಿಕೊಂಡ ನನ್ನ ಫೋಟೊದಲ್ಲಿ ಹಿಂದೆ ಆ ಜೆಟ್ಟಿ ಗೀಟಿನಂತೆ ಕಾಣುತ್ತದೆ. ಊರಿನಲ್ಲಿ ಅದನ್ನು ತೋರಿಸಿದಾಗ, ಮೂರು ಸಲ ಮನೆ ಹಿಂದಕ್ಕೆ ಸರಿಸಿ ಕಟ್ಟಿದ ಹಿರಿಯರೊಬ್ಬರು ಅದೇನೆಂದು ಕೇಳಿದರು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅವರು ಕೇಳಿದ್ದು ಇಷ್ಟೇ: "ಹೊಯಿಗೆ ಅವರದ್ದೇ ಅಂತ ಅವರು ಹೇಗೆ ತೋರಿಸಿಕೊಟ್ರು ಮಾರಾಯ್ರೆ?"